ಆಟಿಸಂ ಇರುವ ಮಗುವಿಗೆ ಮನೆಯಲ್ಲೇ ಟಾಯ್ಲೆಟ್ ಅಭ್ಯಾಸ: ಡೈಪರ್ ಬಿಡಿಸುವುದರಿಂದ ತೊಳೆದುಕೊಳ್ಳುವವರೆಗೆ

ಮಗುವಿಗೆ ನಾಲ್ಕು ವರ್ಷ ತುಂಬಿದೆ, ಇನ್ನೂ ಡೈಪರ್ ಬಿಟ್ಟಿಲ್ಲ. ಪಕ್ಕದ ಮನೆ ಪುಟ್ಟಿ ಎರಡೂವರೆಗೇ ಬಿಟ್ಟಾಗಿದೆ. ಊರಿಂದ ಬಂದ ಅತ್ತೆಯೋ ದೊಡ್ಡಮ್ಮನೋ "ನೀವೇ ಮುದ್ದು ಮಾಡಿ ಕೆಡಿಸಿದ್ದೀರಿ" ಅಂತ ಹೇಳಿಯೂ ಆಗಿರುತ್ತದೆ. ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರು ಯಾರನ್ನೇ ಕೇಳಿ, ಈ ಮಾತು ಕೇಳದವರು ಕಡಿಮೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಈ ಮಕ್ಕಳಲ್ಲಿ ಟಾಯ್ಲೆಟ್ ಅಭ್ಯಾಸ ತಡವಾಗುವುದು ಮಾಮೂಲು, ಅದಕ್ಕೆ ಕಾರಣಗಳೂ ಇವೆ. ಹೊಟ್ಟೆಯೊಳಗಿನ ಸೂಚನೆ, ಅಂದರೆ "ತುಂಬಿದೆ, ಈಗ ಹೋಗಬೇಕು" ಅನ್ನುವುದು, ಹಲವು ಮಕ್ಕಳಿಗೆ ಸರಿಯಾಗಿ ತಿಳಿಯುವುದಿಲ್ಲ. ತಿಳಿದರೂ ಹೇಳಲು ಮಾತಿಲ್ಲ. ಮಾತಿದ್ದರೂ ಟಾಯ್ಲೆಟ್ಟಿನ ತಣ್ಣನೆ ನೆಲ, ಫಿನಾಯಿಲ್ ವಾಸನೆ, ಫ್ಲಶ್ ಸದ್ದು ಹೆದರಿಸುತ್ತವೆ. ಇದೆಲ್ಲದರ ಮೇಲೆ, ಹುಟ್ಟಿದಾಗಿನಿಂದ ಡೈಪರಿನಲ್ಲೇ ಮಾಡು ಅಂತ ಅಭ್ಯಾಸ ಮಾಡಿಸಿದವರು ನಾವೇ. ಒಮ್ಮೆ ಹಿಡಿದ ಕ್ರಮ ಬಿಡುವುದು ಇವರಿಗೆ ಸುಲಭವಲ್ಲ. ಇದನ್ನು ಹಟ ಅಂದುಕೊಂಡರೆ ಬೈಗುಳ ಬರುತ್ತದೆ. ದೇಹ ಮತ್ತು ಬಚ್ಚಲುಮನೆ ಎರಡನ್ನೂ ಮೊದಲು ಸರಿಮಾಡೋಣ ಅಂದುಕೊಂಡರೆ ದಾರಿ ಸಿಗುತ್ತದೆ.

ಶುರು ಮಾಡುವ ಮೊದಲು ಹೊಟ್ಟೆ ನೋಡಿಸಿ

ಎಲ್ಲಕ್ಕಿಂತ ಮೊದಲ ಹೆಜ್ಜೆ ಮಕ್ಕಳ ಡಾಕ್ಟರ ಹತ್ತಿರ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ಜಾಸ್ತಿ. ಬರೀ ಮೊಸರನ್ನ, ಬಿಸ್ಕತ್ತು, ಹಾಲು ಅಂತ ಎರಡು ಮೂರು ಪದಾರ್ಥದಲ್ಲೇ ದಿನ ಕಳೆಯುವ ಮಗುವಾದರೆ ಇನ್ನೂ ಜಾಸ್ತಿ. ಗಟ್ಟಿ ಮಲ ಒಮ್ಮೆ ನೋವು ಕೊಟ್ಟರೆ ಮಗು ಮುಂದಿನ ಸಲ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದಷ್ಟೂ ಗಟ್ಟಿಯಾಗುತ್ತದೆ, ಮಲಾಶಯ ಹಿಗ್ಗುತ್ತದೆ, ಸೂಚನೆ ಇನ್ನಷ್ಟು ಮಂಕಾಗುತ್ತದೆ. ಆಮೇಲೆ ಗಟ್ಟಿಯ ಪಕ್ಕದಿಂದ ನೀರು ನೀರಾದ ಮಲ ಚಡ್ಡಿಗೆ ಸೋರುತ್ತದೆ. ಇದನ್ನು ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಔಷಧಿ ಕೊಟ್ಟರೆ ಸ್ಥಿತಿ ಪೂರ್ತಿ ಕೆಡುತ್ತದೆ. ತುಂಬಿದ ಮಲಾಶಯ ಮೂತ್ರಕೋಶವನ್ನೂ ಒತ್ತುವುದರಿಂದ ಪದೇ ಪದೇ ಚಡ್ಡಿ ಒದ್ದೆಯಾಗುವುದಕ್ಕೂ ಇದೇ ಕಾರಣ ಇರಬಹುದು.

ಡಾಕ್ಟರಿಗೆ ಇವನ್ನು ಹೇಳಿ: ಎಷ್ಟು ದಿನಕ್ಕೊಮ್ಮೆ ಹೋಗುತ್ತದೆ, ಆಡಿನ ಹಿಕ್ಕೆಯಂತೆ ಗುಂಡಾಗಿದೆಯಾ, ದಪ್ಪ ಗಟ್ಟಿ ಇದೆಯಾ, ಮೆತ್ತಗಿದೆಯಾ, ಹೋಗುವಾಗ ಮೂಲೆಗೆ ಹೋಗಿ ಕಾಲು ಬಿಗಿ ಹಿಡಿದು ನಿಲ್ಲುತ್ತದೆಯಾ. ಮಗು ತೆಗೆದುಕೊಳ್ಳುವ ಔಷಧಿಗಳ ಪಟ್ಟಿಯೂ ಇರಲಿ. ಕಬ್ಬಿಣದ ಟಾನಿಕ್ ಹೊಟ್ಟೆ ಕಟ್ಟಿಸಬಹುದು. ನಡವಳಿಕೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಮಲಬದ್ಧತೆ, ಮೂತ್ರ ಸೋರುವುದು ಆಗಬಹುದು. ಹಾಗಂತ ನೀವೇ ನಿಲ್ಲಿಸಬೇಡಿ, ಕೇಳಿ ಬದಲಿಸಿ. ಮಲ ಮೆತ್ತಗಾಗಿಸುವ ಔಷಧಿ ಬರೆದುಕೊಟ್ಟರೆ ಅದನ್ನು ತಿಂಗಳುಗಟ್ಟಲೆ ಕೊಡಬೇಕಾಗಬಹುದು. ಹಿಗ್ಗಿದ ಮಲಾಶಯ ಮೊದಲಿನಂತಾಗಲು ಅಷ್ಟು ಸಮಯ ಬೇಕು. ನಾಲ್ಕು ದಿನ ಚೆನ್ನಾಗಿ ಹೋಯಿತು ಅಂತ ಬಾಟಲಿ ಎತ್ತಿಡುವವರೇ ಜಾಸ್ತಿ, ಅವರೇ ಮತ್ತೆ ಅದೇ ಡಾಕ್ಟರ ಮುಂದೆ ಕೂರುತ್ತಾರೆ.

ಕೆಲವು ಲಕ್ಷಣಗಳಿಗೆ ಕಾಯಲೇಬಾರದು. ಮೂತ್ರ ಮಾಡುವಾಗ ಅಳುವುದು, ಜ್ವರ, ಮಲದಲ್ಲಿ ರಕ್ತ, ಇದ್ದಕ್ಕಿದ್ದಂತೆ ವಿಪರೀತ ಬಾಯಾರಿಕೆ ಮತ್ತು ಮೂತ್ರ, ನಡಿಗೆಯಲ್ಲಿ ಬದಲಾವಣೆ, ತಿಂಗಳುಗಟ್ಟಲೆ ಒಣಗಿದ್ದ ಮಗು ಮತ್ತೆ ಒದ್ದೆ ಮಾಡಿಕೊಳ್ಳಲು ಶುರು ಮಾಡುವುದು. ಇವಕ್ಕೆ ತರಬೇತಿ ಮದ್ದಲ್ಲ.

ಮಗು ತಯಾರಿದೆಯಾ, ಮನೆ ತಯಾರಿದೆಯಾ

ಮಾತು ಬರಲಿ, ಆಮೇಲೆ ನೋಡೋಣ ಅಂತ ಕಾಯುವುದು ಬೇಡ. ಮಾತಿಲ್ಲದ ಮಕ್ಕಳೂ ಕಲಿಯುತ್ತಾರೆ. ಒಂದು ಗಂಟೆಯಾದರೂ ಡೈಪರ್ ಒಣಗಿರುತ್ತದೆ, ಎರಡು ಮೂರು ನಿಮಿಷ ಒಂದು ಕಡೆ ಕೂರಿಸಬಹುದು, "ಬಾ", "ಕೂತ್ಕೋ" ಅಂದರೆ ಅಥವಾ ಸನ್ನೆ ಮಾಡಿದರೆ ಅರ್ಥವಾಗುತ್ತದೆ. ಇಷ್ಟು ಸಾಕು. ಒದ್ದೆ ಡೈಪರ್ ಎಳೆದು ತೆಗೆಯುವುದು, ಪರದೆ ಹಿಂದೆ ಹೋಗಿ ಮಾಡುವುದು ಇದ್ದರೆ ಇನ್ನೂ ಒಳ್ಳೆಯದು.

ಸಮಯ ಆರಿಸುವಾಗ ಸ್ವಲ್ಪ ವ್ಯವಹಾರ ಜ್ಞಾನ ಬೇಕು. ಏಪ್ರಿಲ್, ಮೇ ಒಳ್ಳೆಯದು: ಶಾಲೆಗೆ ರಜೆ, ತೆಳು ಬಟ್ಟೆ ಸಾಕು, ಒಗೆದದ್ದು ಒಂದು ಗಂಟೆಯಲ್ಲಿ ಒಣಗುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ನಲ್ಲಿ ಶುರು ಮಾಡಿದರೆ ಚಡ್ಡಿ ಒಣಗಿಸುವುದರಲ್ಲೇ ಸೋತುಹೋಗುತ್ತಾರೆ. ಮನೆ ಬದಲಾಯಿಸುವಾಗ, ಮನೆಯಲ್ಲಿ ಮದುವೆ ಇರುವಾಗ, ಎರಡನೇ ಮಗು ಹುಟ್ಟುವ ಹೊತ್ತಿಗೆ ಬೇಡವೇ ಬೇಡ.

ಎಂಟು ಹತ್ತು ಹತ್ತಿಬಟ್ಟೆಯ ಚಡ್ಡಿ, ಎಲಾಸ್ಟಿಕ್ ಇರುವ ನಿಕ್ಕರ್ ತಂದಿಡಿ. ಗುಂಡಿ, ಜಿಪ್, ಲಾಡಿ ಇರುವ ಯಾವುದೂ ಬೇಡ. ಸೋಫಾ ಮತ್ತು ಹಾಸಿಗೆಗೆ ರಬ್ಬರ್ ಶೀಟ್ ಹಾಸಿ. ಹೆಣ್ಣುಮಕ್ಕಳಿಗೆ ಉದ್ದ ಫ್ರಾಕ್‌ಗಿಂತ ಟೀ ಶರ್ಟ್, ಚಡ್ಡಿ ಅನುಕೂಲ.

ಒಂದು ವಾರ ಬರೀ ಬರೆದಿಡಿ

ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಆದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಒಂದು ವಾರ ಏನನ್ನೂ ಬದಲಿಸಬೇಡಿ. ಮಗು ಎಚ್ಚರ ಇರುವಾಗ ಅರ್ಧ ಗಂಟೆಗೊಮ್ಮೆ ಡೈಪರ್ ಮುಟ್ಟಿ ನೋಡಿ, ಕ್ಯಾಲೆಂಡರ್ ಹಿಂದೆ ಬರೆದಿಡಿ. ಬರವಣಿಗೆ ಹೀಗಿರಲಿ:

7:00 ಎದ್ದಿತು, ಒದ್ದೆ. 7:30 ಹಾಲು. 8:00 ಒಣ. 8:30 ಒದ್ದೆ. 9:00 ಇಡ್ಲಿ. 9:30 ಎರಡಕ್ಕೆ, ಕಿಟಕಿ ಪಕ್ಕ ನಿಂತು. 10:00 ಒಣ. 10:30 ಒಣ. 11:00 ಒದ್ದೆ.

ನಾಲ್ಕೈದು ದಿನದ ಹಾಳೆ ಪಕ್ಕಪಕ್ಕ ಇಟ್ಟರೆ ಲೆಕ್ಕ ಕಾಣುತ್ತದೆ. ಮೇಲಿನ ಹಾಳೆಯ ಮಗುವಿಗೆ ಹಾಲು ಕುಡಿದ ಒಂದು ಗಂಟೆಯೊಳಗೆ ಮೂತ್ರ, ಆಮೇಲೆ ಸುಮಾರು ಎರಡೂವರೆ ಗಂಟೆ ಬಿಡುವು. ತಿಂಡಿ ತಿಂದ ಅರ್ಧ ಗಂಟೆಗೆ ಎರಡಕ್ಕೆ. ಹೊಟ್ಟೆಗೆ ಊಟ ಬಿದ್ದಾಗ ಕರುಳು ಚುರುಕಾಗುವುದು ದೇಹದ ಗುಣ, ಆದ್ದರಿಂದ ಊಟದ ನಂತರದ 15ರಿಂದ 30 ನಿಮಿಷ ಎಲ್ಲ ಮಕ್ಕಳಿಗೂ ಒಳ್ಳೆಯ ಹೊತ್ತು. ಮಗು ಮಾಡುವ ಮುಂಚೆ ಏನು ಮಾಡುತ್ತದೆ ಅನ್ನುವುದನ್ನೂ ಬರೆಯಿರಿ: ಆಟ ನಿಲ್ಲಿಸಿ ಸ್ತಬ್ಧವಾಗುವುದು, ಕಾಲು ಅಡ್ಡ ಹಾಕುವುದು, ಮುಖ ಕೆಂಪಾಗುವುದು, ತುದಿಗಾಲಲ್ಲಿ ಓಡಾಡುವುದು. ಮಾತಾಡದ ಮಗುವಿನ ಮಾತು ಇದೇ.

ಬಚ್ಚಲುಮನೆಯನ್ನು ಮಗುವಿನ ಕಿವಿ, ಮೂಗು, ಪಾದದಿಂದ ನೋಡಿ

ಒಮ್ಮೆ ಚಪ್ಪಲಿ ಇಲ್ಲದೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಎರಡು ನಿಮಿಷ ಸುಮ್ನೆ ನಿಲ್ಲಿ. ಎಕ್ಸಾಸ್ಟ್ ಫ್ಯಾನ್ ಗುಂಯ್ ಅನ್ನುತ್ತಿದೆಯಾ? ಟ್ಯೂಬ್‌ಲೈಟ್ ಮಿನುಗುತ್ತಿದೆಯಾ? ನೆಲ ಒದ್ದೆಯಾ? ನಲ್ಲಿ ತೊಟ್ಟಿಕ್ಕುತ್ತಿದೆಯಾ? ನಾವು ಗಮನಿಸದ ಇವೇ ಮಗುವನ್ನು ಓಡಿಸುತ್ತಿರಬಹುದು. ಫ್ಯಾನ್ ಆಫ್ ಮಾಡಿ, ಬಲ್ಬ್ ಬದಲಿಸಿ, ನೆಲ ಒರೆಸಿ ಕಾಲೊರಸು ಹಾಕಿ, ಫಿನಾಯಿಲ್ಲನ್ನು ಮಗು ಮಲಗಿದ ಮೇಲೆ ಹಾಕಿ. ಫ್ಲಶ್‌ಗೆ ಹೆದರುವ ಮಗು ಹೊರಗೆ ಹೋದ ಮೇಲೆ ಫ್ಲಶ್ ಮಾಡಿ. ವಾರಗಳು ಕಳೆದಂತೆ ಬಾಗಿಲಲ್ಲಿ ನಿಂತು ನೋಡಲಿ, ಆಮೇಲೆ ಬಟನ್ ತಾನೇ ಒತ್ತಲಿ. ಎಷ್ಟೋ ಮಕ್ಕಳಿಗೆ ಸದ್ದು ಯಾವಾಗ ಬರುತ್ತದೆ ಅಂತ ಗೊತ್ತಾದರೆ, ತನ್ನ ಕೈಯಲ್ಲೇ ಇದ್ದರೆ, ಭಯ ಇಳಿಯುತ್ತದೆ. ಕೆಲವು ಮಕ್ಕಳು ಉಲ್ಟಾ: ಫ್ಲಶ್ ಒತ್ತುವುದೇ ಆಟ. ಅವರಿಗೆ ಅದೇ ಬಹುಮಾನ, ಸುಸು ಆದಮೇಲೆ ಒಂದೇ ಸಲ.

ಇಂಡಿಯನ್ ಟಾಯ್ಲೆಟ್ಟೋ ಕಮೋಡೋ? ಕುಕ್ಕರಗಾಲಲ್ಲಿ ಕೂರುವುದು ಮಲ ಸರಾಗವಾಗಿ ಹೋಗಲು ಒಳ್ಳೆಯ ಭಂಗಿ. ಆದರೆ ತುದಿಗಾಲಲ್ಲಿ ನಡೆಯುವ ಮಕ್ಕಳಿಗೆ ಮೀನಖಂಡ ಬಿಗಿಯಾಗಿರುವುದರಿಂದ ಹಿಮ್ಮಡಿ ಊರಿ ಕೂರಲು ಆಗದೇ ಇರಬಹುದು. ಸ್ನಾಯು ಸಡಿಲ ಇರುವವರು ಆಯತಪ್ಪುತ್ತಾರೆ. ಬೀಳುವ ಭಯ ಇರುವಾಗ ಯಾರಿಗೂ ಹೊಟ್ಟೆ ಸಡಿಲವಾಗುವುದಿಲ್ಲ. ಅಂಥವರಿಗೆ ಗೋಡೆಗೆ ಒಂದು ಹಿಡಿ ಹಾಕಿಸಿ, ಅಥವಾ ಕಮೋಡ್ ಬಳಸಿ. ಕಮೋಡ್ ಆದರೆ ಮಕ್ಕಳ ಸೀಟ್ ಬೇಕು, ಕಾಲ ಕೆಳಗೆ ಗಟ್ಟಿ ಸ್ಟೂಲ್ ಬೇಕು. ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿರಬೇಕು. ಕಾಲು ಜೋತಾಡುತ್ತಿದ್ದರೆ ಮಲ ತಳ್ಳಲು ಬಲವೇ ಸಿಗುವುದಿಲ್ಲ. ಗಂಡುಮಕ್ಕಳೂ ಮೊದಲು ಕೂತೇ ಕಲಿಯಲಿ, ನಿಲ್ಲುವುದು ಆಮೇಲೆ.

ಪ್ಲಾಸ್ಟಿಕ್ ಪಾಟಿಯನ್ನು ಹಾಲ್‌ನಲ್ಲಿಟ್ಟು ಕಲಿಸಲು ನನಗಂತೂ ಮನಸ್ಸಿಲ್ಲ. ಪಾಟಿ ಬಿಡಿಸಲು ಮತ್ತೊಂದು ಯುದ್ಧ ಆಗುತ್ತದೆ. ಇಡಲೇಬೇಕಾದರೆ ಟಾಯ್ಲೆಟ್ ಒಳಗೇ ಇಡಿ.

ಇನ್ನು ಸುರಕ್ಷತೆ. ಆ್ಯಸಿಡ್, ಟಾಯ್ಲೆಟ್ ಕ್ಲೀನರ್ ಬಾಟಲಿಗಳು ಮೇಲಿನ ಕಪಾಟಿಗೆ ಹೋಗಲಿ. ಒಳಗಿನ ಚಿಲಕ ತೆಗೆಸಿ ಅಥವಾ ಕೈಗೆ ಎಟುಕದಷ್ಟು ಮೇಲೆ ಹಾಕಿಸಿ. ನೀರು ತುಂಬಿದ ಬಕೆಟ್ ಬಿಡಬೇಡಿ, ಗೀಸರ್ ನಲ್ಲಿ ಗಟ್ಟಿಯಾಗಿ ಮುಚ್ಚಿರಲಿ.

ಒಂದೇ ಮಾತು, ಒಂದೇ ಚಿತ್ರ

ಅಜ್ಜಿ "ಉಚ್ಚೆ" ಅಂದು, ಅಪ್ಪ "ಸುಸು" ಅಂದು, ಶಾಲೆಯಲ್ಲಿ "ಬಾತ್‌ರೂಮ್" ಅಂದರೆ ಮಗುವಿಗೆ ಮೂರು ಬೇರೆ ಬೇರೆ ವಿಷಯ. ಒಂದನ್ನು ಆರಿಸಿ, ಮನೆಯವರೆಲ್ಲ ಅದನ್ನೇ ಹೇಳಿ. ಮಾತಿಲ್ಲದ ಮಗುವಿಗೆ ಕಿರುಬೆರಳು ಎತ್ತುವುದನ್ನು ಕಲಿಸಿ. ನಮ್ಮ ಕಡೆ ಯಾವ ಶಾಲೆಯಲ್ಲೂ, ಬಸ್ಸಿನಲ್ಲೂ ಈ ಸನ್ನೆ ಅರ್ಥವಾಗುತ್ತದೆ. ಅದೇ ದೊಡ್ಡ ಲಾಭ.

ಚಿತ್ರಕ್ಕೆ ಇಂಟರ್‌ನೆಟ್ ಕಾರ್ಟೂನ್ ಬೇಡ. ನಿಮ್ಮ ಮನೆಯ ಟಾಯ್ಲೆಟ್ಟಿನ ಫೋಟೋಗಳನ್ನೇ ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಗೋಡೆಗೆ ಮಗುವಿನ ಕಣ್ಣಿನ ಎತ್ತರಕ್ಕೆ ಸಾಲಾಗಿ ಅಂಟಿಸಿ: ಬಾಗಿಲು, ಚಡ್ಡಿ ಕೆಳಗೆ, ಕೂತ್ಕೋ, ಸುಸು, ನೀರು, ಚಡ್ಡಿ ಮೇಲೆ, ಫ್ಲಶ್, ಕೈ ತೊಳಿ. ಇನ್ನೊಂದು ಟಾಯ್ಲೆಟ್ ಕಾರ್ಡ್ ಹಾಲ್‌ನಲ್ಲಿ ಮಗುವಿಗೆ ಎಟುಕುವಂತೆ ನೇತಾಡಲಿ. ಪ್ರತಿ ಸಲ ಹೋಗುವಾಗ ಆ ಕಾರ್ಡನ್ನು ಮಗುವಿನ ಕೈಯಿಂದಲೇ ತೆಗೆಸಿ. ಮುಂದೊಂದು ದಿನ ಅದು ತಾನಾಗಿ ಕಾರ್ಡ್ ತಂದು ನಿಮ್ಮ ಕೈಗಿಟ್ಟರೆ, ಅದೇ "ಸುಸು ಬಂತು" ಅನ್ನುವ ಮಾತು.

ಕೂರಿಸುವ ಅಭ್ಯಾಸ

ಮೊದಲ ಕೆಲವು ದಿನ ಗುರಿ ಬರೀ ಕೂರುವುದು. ಒಳಗೆ ಹೋಗಲೇ ಒಪ್ಪದ ಮಗುವಾದರೆ ಹೊಸ್ತಿಲಲ್ಲಿ ನಿಲ್ಲುವುದೇ ಮೊದಲ ಪಾಠ. ಆಮೇಲೆ ಮುಚ್ಚಳ ಹಾಕಿದ ಕಮೋಡ್ ಮೇಲೆ ಬಟ್ಟೆ ಸಮೇತ, ಆಮೇಲೆ ಮುಚ್ಚಳ ತೆರೆದು ಡೈಪರ್ ಸಮೇತ, ಕೊನೆಗೆ ಬರಿ ಮೈಯಲ್ಲಿ. ಹತ್ತು ಎಣಿಸುವಷ್ಟು ಹೊತ್ತು ಸಾಕು. ದಿನ ಕಳೆದಂತೆ ಮೂರರಿಂದ ಐದು ನಿಮಿಷಕ್ಕೆ ಏರಿಸಿ. ಅದಕ್ಕಿಂತ ಜಾಸ್ತಿ ಕೂರಿಸಿದರೆ ಶಿಕ್ಷೆಯಾಗುತ್ತದೆ. ಎಷ್ಟು ಹೊತ್ತು ಅಂತ ಮಗುವಿಗೆ ಕಾಣಬೇಕು: ಮರಳುಗಡಿಯಾರ, ಮೊಬೈಲ್ ಟೈಮರ್, ಅಥವಾ ಒಂದೇ ಹಾಡು. ಹಾಡು ಮುಗಿಯಿತು, ಎದ್ದೇಳು.

ಎಳೆದುಕೊಂಡು ಹೋಗಿ ಒತ್ತಿ ಕೂರಿಸಬೇಡಿ. ಆ ಭಯ ಬಿಡಿಸಲು ಆಮೇಲೆ ತಿಂಗಳುಗಳು ಬೇಕಾಗುತ್ತವೆ.

ಡೈಪರ್ ಬಿಡಿಸುವ ದಿನಗಳು

ಈಗ ಹಾಳೆ ತೆಗೆಯಿರಿ. ಮಗು ಸರಾಸರಿ ಒಂದೂವರೆ ಗಂಟೆಗೆ ಒದ್ದೆಯಾಗುತ್ತಿದ್ದರೆ ಒಂದು ಗಂಟೆ ಹತ್ತು ನಿಮಿಷಕ್ಕೇ ಕರೆದುಕೊಂಡು ಹೋಗಿ. ಎದ್ದ ತಕ್ಷಣ, ತಿಂಡಿ ಊಟ ಆದಮೇಲೆ, ಹೊರಗೆ ಹೊರಡುವ ಮುಂಚೆ ಕಾಯಂ. ಎಚ್ಚರ ಇರುವಾಗ ಡೈಪರ್ ಪೂರ್ತಿ ಬಂದ್, ಚಡ್ಡಿ ಮಾತ್ರ. ಬೆಳಿಗ್ಗೆ ಚಡ್ಡಿ, ಮಧ್ಯಾಹ್ನ ಡೈಪರ್, ನೆಂಟರು ಬಂದರೆ ಮತ್ತೆ ಡೈಪರ್ ಅಂತ ಮಾಡಿದರೆ ಮಗುವಿಗೆ ನಿಯಮ ಏನು ಅಂತಲೇ ಗೊತ್ತಾಗುವುದಿಲ್ಲ. ಡೈಪರ್ ಒದ್ದೆಯನ್ನು ಹೀರಿಬಿಡುತ್ತದೆ, ಒದ್ದೆ ಅನ್ನುವ ಅನುಭವವೇ ಮಗುವಿಗೆ ಸಿಗುವುದಿಲ್ಲ. ಚಡ್ಡಿ ಅದನ್ನು ಹೇಳಿಕೊಡುತ್ತದೆ.

"ಸುಸು ಬರ್ತಿದೆಯಾ?" ಅಂತ ಕೇಳಬೇಡಿ. ಒಂದೋ "ಇಲ್ಲ" ಅನ್ನುತ್ತದೆ, ಇಲ್ಲವೇ "ಬರ್ತಿದೆಯಾ" ಅಂತ ನಿಮ್ಮ ಮಾತನ್ನೇ ತಿರುಗಿ ಹೇಳುತ್ತದೆ. ಕಾರ್ಡ್ ತೋರಿಸಿ "ಟಾಯ್ಲೆಟ್ ಟೈಮ್" ಅನ್ನಿ, ನಡೆಯಿರಿ. ಆಟದ ಮಧ್ಯೆ ತಟ್ಟನೆ ಎಬ್ಬಿಸಿದರೆ ರಂಪ ಆಗುತ್ತದೆ. "ಐದು ಬ್ಲಾಕ್, ಆಮೇಲೆ ಟಾಯ್ಲೆಟ್" ಅಂತ ಮುಂಚೆ ಹೇಳಿ.

ಸುಸು ಬಂದ ಕ್ಷಣವೇ ಬಹುಮಾನ. ಹೊರಗೆ ಬಂದು ಕೈ ಒರೆಸಿಕೊಂಡ ಮೇಲೆ ಕೊಟ್ಟರೆ, ಕೈ ಒರೆಸಿದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ. ಆದ್ದರಿಂದ ಬಹುಮಾನದ ಡಬ್ಬ ಟಾಯ್ಲೆಟ್ಟಿನ ಒಳಗೆ ಗೋಡೆಯ ಮೇಲೇ ಇರಲಿ. ಏನು ಕೊಡಬೇಕು ಅನ್ನುವುದು ಮಗುವಿಗೆ ಬಿಟ್ಟದ್ದು: ಒಂದು ಚೂರು ಚಿಕ್ಕಿ, ಸೋಪಿನ ಗುಳ್ಳೆ ಊದುವುದು, ತಿರುಗುವ ಬುಗುರಿ, ಒಂದು ನಿಮಿಷದ ಟ್ರೇನ್ ವಿಡಿಯೋ. ಕೆಲವು ಮಕ್ಕಳಿಗೆ ಚಪ್ಪಾಳೆ, ಜೋರು ಹೊಗಳಿಕೆ ಹಿಂಸೆ, ಅವರಿಗೆ ಮೆಲ್ಲಗೆ "ಸುಸು ಆಯ್ತು, ಜಾಣ" ಸಾಕು. ಆ ಬಹುಮಾನ ದಿನದಲ್ಲಿ ಬೇರೆ ಯಾವುದಕ್ಕೂ ಸಿಗಬಾರದು. ಅಜ್ಜನ ಜೇಬಿನಲ್ಲೂ ಅದೇ ಚಿಕ್ಕಿ ಇದ್ದರೆ ಮುಗಿಯಿತು ಕಥೆ. ಅಜ್ಜನಿಗೆ ಮೊದಲೇ ಹೇಳಿಡಿ.

ಚಡ್ಡಿಯಲ್ಲಿ ಆದರೆ? ಆಗೇ ಆಗುತ್ತದೆ, ಮೊದಲ ವಾರ ದಿನಕ್ಕೆ ಹಲವು ಸಲ. ಬೈಗುಳ, ಹೊಡೆತ, "ಛೀ ಗಲೀಜು" ಯಾವುದೂ ಬೇಡ. ಮುದ್ದು, ನಗು, ಉದ್ದ ಪಾಠವೂ ಬೇಡ. "ಚಡ್ಡಿ ಒದ್ದೆ. ಸುಸು ಟಾಯ್ಲೆಟ್ಟಿಗೆ" ಅಂತ ಒಂದೇ ದನಿಯಲ್ಲಿ ಹೇಳಿ, ಟಾಯ್ಲೆಟ್ಟಿಗೆ ಕರೆದೊಯ್ದು ಅಲ್ಲೇ ಬಟ್ಟೆ ಬದಲಿಸಿ. ಮಾಡುತ್ತಿರುವಾಗಲೇ ಕಂಡರೆ ಹಾಗೇ ಮೆಲ್ಲಗೆ ಕರೆದುಕೊಂಡು ಹೋಗಿ. ಎರಡು ಹನಿ ಒಳಗೆ ಬಿದ್ದರೂ ಬಹುಮಾನ ಕೊಡಿ.

ಮೂರೇ ದಿನದಲ್ಲಿ ಕಲಿಸುತ್ತೇವೆ ಅನ್ನುವ ವಿಡಿಯೋಗಳು ಎಲ್ಲರ ಫೋನಿಗೂ ಬರುತ್ತವೆ. ಈ ದಿಢೀರ್ ವಿಧಾನದ ಮೂಲ ಅಮೆರಿಕದ ಮನಃಶಾಸ್ತ್ರಜ್ಞರಾದ ನೇಥನ್ ಆಜ್ರಿನ್ ಮತ್ತು ರಿಚರ್ಡ್ ಫಾಕ್ಸ್ 1971ರಲ್ಲಿ ಪ್ರಕಟಿಸಿದ ಕೆಲಸದಲ್ಲಿದೆ. ಬುದ್ಧಿಮಾಂದ್ಯ ವಯಸ್ಕರಿಗೆ, ಅವರಿದ್ದ ಸಂಸ್ಥೆಯಲ್ಲೇ, ಇಡೀ ದಿನ ಸಿಬ್ಬಂದಿ ಪಕ್ಕದಲ್ಲೇ ಇದ್ದು ಮಾಡಿಸಿದ್ದು ಅದು. ಪದೇ ಪದೇ ಕೂರಿಸುವುದು, ಚಡ್ಡಿ ಒಣಗಿದ್ದಕ್ಕೆ ಬಹುಮಾನ ಅನ್ನುವುದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಅದರಲ್ಲಿ ಒದ್ದೆ ಮಾಡಿದ್ದಕ್ಕೆ ಶಿಕ್ಷೆಯೂ ಇತ್ತು, ಅದು ಬೇಡ. ಜಾಸ್ತಿ ಸುಸು ಬರಲಿ ಅಂತ ಲೋಟಗಟ್ಟಲೆ ನೀರು ಕುಡಿಸುವುದೂ ಬೇಡ. ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯ ಇದೆ. ಮನೆಯಲ್ಲಿ ವಾರಗಳು, ಕೆಲವರಿಗೆ ತಿಂಗಳುಗಳು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಎರಡು ಮೂರು ವಾರ ಸರಿಯಾಗಿ ಮಾಡಿದರೂ ಒಂದಿಷ್ಟೂ ಮುಂದೆ ಹೋಗದಿದ್ದರೆ ನಿಲ್ಲಿಸಿ. ಒಂದೆರಡು ತಿಂಗಳು ಬಿಟ್ಟು ಮತ್ತೆ ಹಾಳೆಯಿಂದ ಶುರು ಮಾಡಿ.

ಎರಡಕ್ಕೆ ಮಾತ್ರ ಡೈಪರೇ ಬೇಕು ಅನ್ನುವ ಮಗು

ಸುಸು ಕಲಿತಾಗಿದೆ, ಆದರೆ ಎರಡಕ್ಕೆ ಬಂದಾಗ ಡೈಪರ್ ತಂದುಕೊಡುತ್ತದೆ, ಕೊಡದಿದ್ದರೆ ಮೂರು ದಿನ ಹಿಡಿದಿಡುತ್ತದೆ. ಇದು ತುಂಬಾ ಮನೆಗಳ ಕಥೆ. ಹಿಡಿದಿಟ್ಟರೆ ಮತ್ತೆ ಮಲಬದ್ಧತೆ, ಹಾಗಾಗಿ ಇಲ್ಲಿ ಜಗಳ ಆಡಬೇಡಿ. ಡೈಪರ್ ಕೊಡಿ, ಜಾಗವನ್ನು ಬದಲಿಸುತ್ತಾ ಹೋಗಿ. ಕಿಟಕಿ ಪಕ್ಕ ಮಾಡುತ್ತಿದ್ದದ್ದು ಟಾಯ್ಲೆಟ್ ಬಾಗಿಲ ಹತ್ತಿರ ಆಗಲಿ. ಆಮೇಲೆ ಟಾಯ್ಲೆಟ್ ಒಳಗೆ ನಿಂತು. ಆಮೇಲೆ ಡೈಪರ್ ಹಾಕಿಕೊಂಡೇ ಕಮೋಡ್ ಮೇಲೆ ಕೂತು. ಅದು ಒಗ್ಗಿದ ಮೇಲೆ ಡೈಪರ್ ಅಡಿಯಲ್ಲಿ ಕತ್ತರಿಯಿಂದ ಸಣ್ಣ ತೂತು. ತೂತು ವಾರ ವಾರ ದೊಡ್ಡದಾಗಲಿ, ಕೊನೆಗೆ ಸೊಂಟದ ಪಟ್ಟಿ ಮಾತ್ರ ಉಳಿಯುತ್ತದೆ. ಒಂದು ಹೆಜ್ಜೆಯಲ್ಲಿ ನೆಮ್ಮದಿಯಾದ ಮೇಲೆ ಮುಂದಿನದು, ಹಿಂದೆ ಬರಬೇಕಾದರೆ ಬನ್ನಿ. ಕೂತಾಗ ಬಲೂನ್ ಅಥವಾ ಗಿರಗಿಟ್ಲೆ ಊದಿಸಿ. ಊದುವಾಗ ಹೊಟ್ಟೆ ತಾನಾಗಿ ಒತ್ತುತ್ತದೆ.

ಮಲವನ್ನು ಕೈಯಲ್ಲಿ ಮುಟ್ಟಿ ಗೋಡೆಗೆ ಬಳಿಯುವ ಮಕ್ಕಳೂ ಇದ್ದಾರೆ. ನಾಚಿಕೆಯಿಂದ ಯಾರೂ ಹೇಳುವುದಿಲ್ಲ ಅಷ್ಟೇ. ಮೊದಲು ಹೊಟ್ಟೆ ಕಟ್ಟಿದೆಯಾ, ತುರಿಕೆ ಅಥವಾ ಜಂತುಹುಳು ಇದೆಯಾ ನೋಡಿಸಿ. ಮೆತ್ತಗಿನ ಸ್ಪರ್ಶ ಇಷ್ಟವಾಗಿ ಮಾಡುತ್ತಿದ್ದರೆ ಚಪಾತಿ ಹಿಟ್ಟು, ಜೇಡಿಮಣ್ಣನ್ನು ದಿನದಲ್ಲಿ ಧಾರಾಳವಾಗಿ ಕೊಡಿ. ಒರೆಸುವಾಗ ಕಿರುಚಾಡಿದರೆ ಅದೂ ಒಂದು ತಮಾಷೆಯಾಗಿಬಿಡುತ್ತದೆ, ಸದ್ದಿಲ್ಲದೆ ಒರೆಸಿ.

ತೊಳೆದುಕೊಳ್ಳುವುದು

ಬೇರೆ ದೇಶದ ಪಟ್ಟಿಗಳಲ್ಲಿ ಪೇಪರ್ ಇರುತ್ತದೆ, ನಮಗೆ ಮಗ್ ಇಲ್ಲವೇ ಜೆಟ್. ಜೆಟ್ಟಿನ ತಣ್ಣೀರು ರಭಸವಾಗಿ ಬಡಿದರೆ ಮಗು ಟಾಯ್ಲೆಟ್ಟನ್ನೇ ಬಿಟ್ಟೀತು. ಉಗುರುಬೆಚ್ಚಗಿನ ನೀರು, ಚಿಕ್ಕ ಮಗ್, ಅರ್ಧ ತುಂಬಿಸಿ. ಬಲಗೈಯಲ್ಲಿ ನೀರು, ಎಡಗೈಯಲ್ಲಿ ಉಜ್ಜುವುದು. ಎರಡೂ ಕೈ ಬೇರೆ ಕೆಲಸ ಮಾಡುವುದು ಕಷ್ಟ, ಆದ್ದರಿಂದ ಮೊದಲು ನೀವು ನೀರು ಹಾಕಿ, ಮಗು ಉಜ್ಜಲಿ. ನಿಮ್ಮ ಕೈ ಅದರ ಕೈ ಮೇಲಿರಲಿ, ಹಿಂದಿನಿಂದ. "ಸ್ವಚ್ಛ ಆಗುವವರೆಗೆ" ಅಂದರೆ ಅರ್ಥವಾಗದು, "ಐದು ಸಲ ಉಜ್ಜು, ನೀರು, ಮತ್ತೆ ಐದು" ಅಂದರೆ ಆಗುತ್ತದೆ. ಹೆಣ್ಣುಮಕ್ಕಳು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಇಲ್ಲದಿದ್ದರೆ ಮೂತ್ರದ ಸೋಂಕು ಆಗಬಹುದು.

ಚಡ್ಡಿ ಏರಿಸುವುದನ್ನು ಕೊನೆಯಿಂದ ಕಲಿಸಿ. ಸೊಂಟದ ಹತ್ತಿರದವರೆಗೆ ನೀವು ಎಳೆಯಿರಿ, ಕೊನೆಯ ಎಳೆತ ಮಗುವಿನದು. ಆಮೇಲೆ ತೊಡೆಯಿಂದ, ಆಮೇಲೆ ಮಂಡಿಯಿಂದ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆಗುತ್ತದೆ. ಸಹಾಯ ಕಡಿಮೆ ಮಾಡುವಾಗ ಮೊದಲು ಬಾಯಿ ಮುಚ್ಚಿ. "ಎಳಿ, ಎಳಿ" ಅಂತ ಹೇಳುತ್ತಲೇ ಇದ್ದರೆ ಆ ಮಾತಿಲ್ಲದೆ ಕೈ ಏಳುವುದಿಲ್ಲ. ಗೋಡೆಯ ಚಿತ್ರದ ಕಡೆ ಬೆರಳು ತೋರಿಸಿ ಸಾಕು.

ಈ ಹೊತ್ತಿನಲ್ಲೇ ಇನ್ನೊಂದು ಪಾಠ. ಬಟ್ಟೆ ಬಿಚ್ಚುವುದು ಟಾಯ್ಲೆಟ್ ಒಳಗೆ, ಬಾಗಿಲು ಹಾಕಿ. ತೊಳೆಸುವವರು ಯಾರು ಯಾರು ಅಂತ ಗೊತ್ತುಪಡಿಸಿ, ಅವರ ಫೋಟೋ ತೋರಿಸಿ. ಹೇಳಿಕೊಳ್ಳಲಾಗದ ಮಕ್ಕಳಿಗೆ ಈ ಗೆರೆ ಬೇಗ ಬೇಕು.

ಶಾಲೆ, ಪ್ರಯಾಣ, ರಾತ್ರಿ

ಮನೆಯ ಟಾಯ್ಲೆಟ್ಟಿನಲ್ಲಿ ಕಲಿತದ್ದು ಅಜ್ಜಿ ಮನೆಯಲ್ಲಿ ಬರದಿರಬಹುದು. ಅದೇ ಕಾರ್ಡ್, ಅದೇ ಮಾತು, ಅದೇ ಮಗ್ ಚೀಲದಲ್ಲಿರಲಿ. ಮೊದಲು ಪರಿಚಯದ ಮನೆ, ಆಮೇಲೆ ಹೋಟೆಲ್, ಕಲ್ಯಾಣಮಂಟಪ ಕೊನೆಗೆ. ಟೀಚರಿಗೆ ಮಗು ಹೋಗುವ ಹೊತ್ತು, ಸನ್ನೆ, ಬಹುಮಾನ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. "ಡೈಪರ್ ಬಿಟ್ಟ ಮೇಲೆ ಕರ್ಕೊಂಡು ಬನ್ನಿ" ಅನ್ನುವ ಶಾಲೆಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ ಅದು. ಇದನ್ನು ಜಗಳದ ದನಿಯಲ್ಲಿ ಹೇಳಬೇಕಿಲ್ಲ, ಹಾಳೆಯ ಜೊತೆ ಹೇಳಿದರೆ ಕೇಳುತ್ತಾರೆ.

ನಿಮ್ಮಿಂದಲೇ ಆಗುತ್ತಿಲ್ಲ ಅನ್ನಿಸಿದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ), ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಇವೆ. ಹೋಗುವಾಗ ಆ ಕ್ಯಾಲೆಂಡರ್ ಹಾಳೆಗಳನ್ನು ಒಯ್ಯಿರಿ. ಬಾಯಿಮಾತಿನ ವಿವರಕ್ಕಿಂತ ಅವೇ ಜಾಸ್ತಿ ಹೇಳುತ್ತವೆ.

ರಾತ್ರಿಯದು ಬೇರೆ ಲೆಕ್ಕ. ನಿದ್ದೆಯಲ್ಲಿ ಹಿಡಿದಿಡುವುದು ಪಾಠದಿಂದ ಬರುವುದಿಲ್ಲ, ದೇಹ ಬೆಳೆದಂತೆ ಬರುತ್ತದೆ. ಹಗಲು ಒಣಗಿರಲು ಕಲಿತು ತಿಂಗಳುಗಳಾದ ಮೇಲೂ ರಾತ್ರಿ ಡೈಪರ್ ಹಾಕಬೇಕಾಗಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಮಲಗುವ ಬಟ್ಟೆ ಹಾಕುವಾಗ, ದೀಪ ಆರಿಸುವ ಸ್ವಲ್ಪ ಮುಂಚೆ ಮಾತ್ರ ಡೈಪರ್ ಹಾಕಿ, ಎದ್ದ ತಕ್ಷಣ ತೆಗೆಯಿರಿ. ಬೆಳಿಗ್ಗೆ ಸತತವಾಗಿ ಎರಡು ವಾರ ಡೈಪರ್ ಒಣಗಿ ಸಿಕ್ಕರೆ ರಬ್ಬರ್ ಶೀಟ್ ಹಾಸಿ, ರಾತ್ರಿಯೂ ಚಡ್ಡಿ ಹಾಕಿ ನೋಡಬಹುದು.